ಒಂದಕ್ಕೆ ಎಷ್ಟು? ಯಾವ ಒಂದಕ್ಕೆ?

2024ರ ಜೂನ್ 26ರಂದು ಮನೆಬಾಗಿಲಿಗೆ ಬಂದ ನಂದಿನಿ ಹಾಲಿನ ಪ್ಯಾಕೆಟ್ ಎಂದಿಗಿಂತ ತುಸು ಉಬ್ಬಿಕೊಂಡಿತ್ತು. ಅರ್ಧ ಲೀಟರಿನದು 550 ಮಿ.ಲೀ. ಆಗಿತ್ತು, ಒಂದು ಲೀಟರಿನದು 1,050. ಎರಡರ ಮೇಲೂ ಎರಡೆರಡು ರೂಪಾಯಿ ಹೆಚ್ಚು. ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲು ಅರ್ಧ ಲೀಟರಿಗೆ 22 ರೂಪಾಯಿ ಇದ್ದದ್ದು 24 ಆಯಿತು, ಲೀಟರಿಗೆ 42 ಇದ್ದದ್ದು 44 ಆಯಿತು. ಹಾಲಿನ ದರ ಏರಿತು ಎಂದು ವಿರೋಧ ಪಕ್ಷದವರು ಹರಿಹಾಯ್ದರು. ದರ ಏರಿಸಿಲ್ಲ, ಹೆಚ್ಚು ಹಾಲು ಕೊಟ್ಟು ಅದಕ್ಕಷ್ಟೇ ದುಡ್ಡು ತೆಗೆದುಕೊಂಡಿದ್ದೇವೆ ಎಂದು ಸರ್ಕಾರ ಸಮಜಾಯಿಷಿ ಕೊಟ್ಟಿತು. ಹೋಟೆಲು, ಬಸ್ಸು, ಟೀವಿ ಎಲ್ಲ ಕಡೆ ಇದೇ ಮಾತು. ಅಷ್ಟು ಮಾತಿನ ನಡುವೆ ಭಾಗಾಕಾರ ಮಾಡಿ ನೋಡಿದವರು ಕಡಿಮೆ.

ಮಾಡಿ ನೋಡೋಣ. ಮೊದಲು 500 ಮಿ.ಲೀ.ಗೆ 22 ರೂಪಾಯಿ, ಅಂದರೆ ಲೀಟರಿಗೆ 44. ಆಮೇಲೆ 550 ಮಿ.ಲೀ.ಗೆ 24 ರೂಪಾಯಿ, ಅಂದರೆ ಲೀಟರಿಗೆ 43 ರೂಪಾಯಿ 64 ಪೈಸೆ. ದೊಡ್ಡ ಪ್ಯಾಕೆಟ್ಟಿನಲ್ಲೂ ಅದೇ ಕಥೆ: 42 ಇದ್ದದ್ದು 41 ರೂಪಾಯಿ 90 ಪೈಸೆ. ಸೇರಿಸಿದ 50 ಮಿ.ಲೀ. ಹಾಲಿಗೆ ಎರಡು ರೂಪಾಯಿ ಎಂದರೆ ಆ ಹಾಲು ಲೀಟರಿಗೆ 40 ರೂಪಾಯಿಯಂತೆ ಬಿತ್ತು. ಲೀಟರಿನ ಲೆಕ್ಕದಲ್ಲಿ ಸರ್ಕಾರದ ಮಾತು ಸರಿ. ದರ ಏರುವುದಿರಲಿ, ಕೂದಲೆಳೆಯಷ್ಟು ಇಳಿದಿತ್ತು.

ಆದರೆ ಮನೆಯಾಕೆ ಹಾಲನ್ನು ಲೀಟರಿನಲ್ಲಿ ಕೊಳ್ಳುವುದಿಲ್ಲ, ಪ್ಯಾಕೆಟ್ಟಿನಲ್ಲಿ ಕೊಳ್ಳುತ್ತಾಳೆ. ದಿನಕ್ಕೆ ಎರಡು ಅರ್ಧ ಲೀಟರ್ ಪ್ಯಾಕೆಟ್ ತರಿಸುವ ಮನೆಗೆ ತಿಂಗಳಿಗೆ 1,320 ರೂಪಾಯಿ ಆಗುತ್ತಿದ್ದ ಜಾಗದಲ್ಲಿ 1,440 ಆಯಿತು. ಮೂರು ಲೀಟರ್ ಹಾಲು ಹೆಚ್ಚು ಬಂತು, ನಿಜ. ಬೇಕು ಎಂದು ಕೇಳಿದವರು ಯಾರು? ನೂರು ಎಂ.ಎಲ್. ಹೆಚ್ಚಾಯಿತೆಂದು ಪ್ಯಾಕೆಟ್ಟಿನಿಂದ ಅಷ್ಟನ್ನು ಬಗ್ಗಿಸಿ ಹಾಲಿನವನಿಗೆ ವಾಪಸ್ ಕೊಡಲಾಗುವುದಿಲ್ಲ. ಪ್ಯಾಕೆಟ್ಟಿನ ಲೆಕ್ಕದಲ್ಲಿ ಆಕೆಯ ಮಾತೂ ಸರಿ. (2025ರ ಏಪ್ರಿಲ್‌ನಲ್ಲಿ ಆ ಹೆಚ್ಚುವರಿ ಹಾಲು ನಿಂತಿತು, ಲೀಟರಿಗೆ ನಾಲ್ಕು ರೂಪಾಯಿ ಏರಿತು. ಆಗ ಯಾರಿಗೂ ಅನುಮಾನ ಉಳಿಯಲಿಲ್ಲ.)

ಇಬ್ಬರೂ ಭಾಗಾಕಾರದಲ್ಲಿ ಎಡವಿರಲಿಲ್ಲ. ಒಬ್ಬರು ಒಂದು ಲೀಟರನ್ನು ‘ಒಂದು’ ಎಂದು ಹಿಡಿದರು, ಇನ್ನೊಬ್ಬರು ಒಂದು ಪ್ಯಾಕೆಟ್ಟನ್ನು. ಶಾಲೆಯಲ್ಲಿ ಅನುಪಾತ, ಸಮಾನುಪಾತ ಎಂದು ನಾವು ಕಲಿಯುವ ಪಾಠದ ಒಳಗುಟ್ಟೆಲ್ಲ ಇಲ್ಲಿದೆ. ಹತ್ತು ಪುಸ್ತಕಕ್ಕೆ ಇಷ್ಟಾದರೆ ಏಳು ಪುಸ್ತಕಕ್ಕೆ ಎಷ್ಟು ಎಂಬ ಪ್ರಶ್ನೆಗೆ ಉತ್ತರ ತೆಗೆಯುವುದು ಕಷ್ಟವಲ್ಲ. ಮೊದಲು ಒಂದಕ್ಕೆ ಎಷ್ಟು ಎಂದು ತೆಗೆ, ಆಮೇಲೆ ಬೇಕಾದಷ್ಟರಿಂದ ಗುಣಿಸು, ಮುಗಿಯಿತು. ಕಷ್ಟವಿರುವುದು ಅದಕ್ಕೂ ಒಂದು ಹೆಜ್ಜೆ ಹಿಂದೆ. ಯಾವ ಒಂದಕ್ಕೆ? ಒಂದಕ್ಕೆ ತೆಗೆದ ದರ ಹತ್ತಕ್ಕೂ ನೂರಕ್ಕೂ ಹಾಗೇ ನಿಲ್ಲುತ್ತದೆಯೇ? ಪಠ್ಯಪುಸ್ತಕ ಈ ಎರಡು ಪ್ರಶ್ನೆಗಳನ್ನು ತಾನೇ ಉತ್ತರಿಸಿ, ಮಕ್ಕಳಿಗೆ ಗುಣಾಕಾರವನ್ನಷ್ಟೇ ಬಿಡುತ್ತದೆ. ಬದುಕು ಗುಣಾಕಾರವನ್ನು ಮೊಬೈಲಿಗೆ ಬಿಟ್ಟು ಈ ಎರಡನ್ನೇ ನಮ್ಮ ತಲೆಗೆ ಕಟ್ಟುತ್ತದೆ.

ನಮ್ಮ ಹಳೆಯ ಗಣಿತಜ್ಞರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರು ಇದನ್ನು ತ್ರೈರಾಶಿಕ ಎಂದು ಕರೆದರು. ಮೂರು ರಾಶಿ ಗೊತ್ತು, ನಾಲ್ಕನೆಯದು ಬೇಕು. ಗೊತ್ತಿರುವ ಪರಿಮಾಣ ‘ಪ್ರಮಾಣ’, ಅದಕ್ಕೆ ಸಿಕ್ಕದ್ದು ‘ಫಲ’, ನಮಗೆ ಬೇಕಾದ ಪರಿಮಾಣ ‘ಇಚ್ಛೆ’. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸು ಎಂಬ ನಿಯಮ ಕ್ರಿ.ಶ. 499ರ ಆರ್ಯಭಟೀಯದಲ್ಲೇ ಇದೆ. 628ರಲ್ಲಿ ಬ್ರಹ್ಮಗುಪ್ತ ಇದಕ್ಕೆ ಒಂದು ಶಿಸ್ತು ಹಾಕಿಕೊಟ್ಟ: ಸಾಲಿನ ಮೊದಲಿಗೂ ಕೊನೆಗೂ ಒಂದೇ ಜಾತಿಯ ರಾಶಿ ಇರಬೇಕು, ಬೇರೆ ಜಾತಿಯದು ನಡುವೆ. ಅಕ್ಕಿ, ದುಡ್ಡು, ಅಕ್ಕಿ. ಇಲ್ಲವೇ ದುಡ್ಡು, ಅಕ್ಕಿ, ದುಡ್ಡು. ಗುಣಿಸುವ ಮುಂಚೆ ಯಾವುದು ಯಾವುದರ ಜಾತಿ ಎಂದು ಯೋಚಿಸಲೇಬೇಕಾಗುತ್ತದೆ. ಸೇರನ್ನು ತಂದು ರೂಪಾಯಿಯ ಜಾಗದಲ್ಲಿ ಕೂರಿಸಿದರೆ ಸಾಲೇ ಬೇಡ ಅನ್ನುತ್ತದೆ. ಪರೀಕ್ಷೆಯ ಅಡ್ಡ ಗುಣಾಕಾರದಲ್ಲಿ ಸಂಖ್ಯೆಗಳನ್ನು ತಲೆಕೆಳಗೆ ಬರೆದು ಅಂಕ ಕಳೆದುಕೊಳ್ಳುವ ಮಕ್ಕಳಿಗೆ ಇವತ್ತಿಗೂ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ.

1150ರಲ್ಲಿ ಭಾಸ್ಕರಾಚಾರ್ಯ ಬರೆದ ಲೀಲಾವತಿಯಲ್ಲಿ ಒಬ್ಬ ವ್ಯಾಪಾರಿಗೆ ಹೀಗೊಂದು ಪ್ರಶ್ನೆ: ನಿಷ್ಕವೆಂಬ ನಾಣ್ಯದ ಏಳರಲ್ಲಿ ಮೂರು ಭಾಗಕ್ಕೆ ಎರಡೂವರೆ ಪಲ ತೂಕದ ಕೇಸರಿ ಬಂದರೆ ಒಂಬತ್ತು ನಿಷ್ಕಕ್ಕೆ ಎಷ್ಟು? ಎರಡೂವರೆಯನ್ನು ಒಂಬತ್ತರಿಂದ ಗುಣಿಸಿ ಏಳರಲ್ಲಿ ಮೂರರಿಂದ ಭಾಗಿಸಿದರೆ ಐವತ್ತೆರಡೂವರೆ ಪಲ. ನಾರಾಯಣ ಜಗತ್ತನ್ನೆಲ್ಲ ವ್ಯಾಪಿಸಿರುವಂತೆ ತ್ರೈರಾಶಿಕ ಲೆಕ್ಕವನ್ನೆಲ್ಲ ವ್ಯಾಪಿಸಿದೆ ಎಂಬ ಅರ್ಥದ ಮಾತನ್ನೂ ಭಾಸ್ಕರ ಹೇಳಿದ್ದಾನೆ. ವ್ಯಾಪಾರ, ಬಡ್ಡಿ, ಚಿನ್ನದ ಬೆರಕೆ, ಗ್ರಹಗಳ ಚಲನೆ ಎಲ್ಲಕ್ಕೂ ಅದೊಂದೇ ಬೀಗದ ಕೈ ಆಗಿದ್ದ ಕಾಲದಲ್ಲಿ ಅದು ಅತಿಶಯೋಕ್ತಿ ಅನ್ನಿಸಿರಲಾರದು.

ಕರ್ನಾಟಕದ ನಂಟು ಇನ್ನೂ ಹಿಂದಿನದು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದ. ಅದನ್ನು ಎಂ. ರಂಗಾಚಾರ್ಯರು ಇಂಗ್ಲಿಷಿಗೆ ತಂದರು, 1912ರಲ್ಲಿ ಮದ್ರಾಸಿನಲ್ಲಿ ಅಚ್ಚಾಯಿತು. ಹನ್ನೆರಡನೆಯ ಶತಮಾನದ ರಾಜಾದಿತ್ಯನಂತೂ ವ್ಯವಹಾರಗಣಿತವನ್ನು ಕನ್ನಡದಲ್ಲೇ ಬರೆದ. ಮಹಾವೀರನ ಪುಸ್ತಕದಲ್ಲಿ ನನಗೆ ಬಲು ಇಷ್ಟವಾದದ್ದು ಒಂದು ಹಾವಿನ ಲೆಕ್ಕ. ಎಂಬತ್ತು ಅಂಗುಲ ಉದ್ದದ ಕರಿಯ ಹಾವೊಂದು ಬಿಲ ಹೊಗುತ್ತಿದೆ. ಒಂದು ದಿನದ ಹದಿನಾಲ್ಕರಲ್ಲಿ ಐದು ಭಾಗದ ಹೊತ್ತಿಗೆ ಏಳೂವರೆ ಅಂಗುಲ ಒಳಗೆ ಹೋಗುತ್ತದೆ. ಆದರೆ ಕಾಲು ದಿನಕ್ಕೆ ಅದರ ಬಾಲ ಎರಡೂ ಮುಕ್ಕಾಲು ಅಂಗುಲ ಬೆಳೆಯುತ್ತದೆ! ಪೂರ್ತಿ ಒಳಗೆ ಹೋಗಲು ಎಷ್ಟು ದಿನ ಬೇಕು?

ಭಿನ್ನರಾಶಿಗಳನ್ನು ಕಂಡು ಬೆದರಬೇಕಿಲ್ಲ. ಎರಡು ವೇಗಗಳಿವೆ, ಎರಡಕ್ಕೂ ಕಾಲದ ಅಳತೆ ಬೇರೆ ಬೇರೆ. ಅವು ಹಾಗಿರುವ ತನಕ ಕೂಡುವಂತಿಲ್ಲ, ಕಳೆಯುವಂತಿಲ್ಲ. ಎರಡನ್ನೂ ಒಂದು ದಿನಕ್ಕೆ ತನ್ನಿ. ಏಳೂವರೆಯನ್ನು ಹದಿನಾಲ್ಕರಲ್ಲಿ ಐದರಿಂದ ಭಾಗಿಸಿದರೆ ದಿನಕ್ಕೆ 21 ಅಂಗುಲ ಒಳಗೆ. ಕಾಲು ದಿನಕ್ಕೆ ಎರಡೂ ಮುಕ್ಕಾಲು ಎಂದರೆ ದಿನಕ್ಕೆ 11 ಅಂಗುಲ ಬೆಳವಣಿಗೆ. ಉಳಿದದ್ದು ದಿನಕ್ಕೆ 10. ಎಂಬತ್ತು ಅಂಗುಲಕ್ಕೆ ಎಂಟು ದಿನ. ಇಷ್ಟು ಗೋಜಲಾಗಿ ಶುರುವಾದ ಲೆಕ್ಕ ಇಷ್ಟು ದುಂಡಾಗಿ ಮುಗಿಯುವುದು ನೋಡಿದರೆ, ಮಹಾವೀರ ಉತ್ತರದಿಂದ ಹಿಂದಕ್ಕೆ ನಡೆದು ಪ್ರಶ್ನೆ ಕಟ್ಟಿರಬೇಕು ಅನ್ನಿಸುತ್ತದೆ. ಒಳ್ಳೆಯ ಮೇಷ್ಟರುಗಳು ಇಂದಿಗೂ ಮಾಡುವುದು ಅದನ್ನೇ. ಹಾವಿನ ಬಾಲ ಹಾಗೆ ಬೆಳೆಯುವುದಿಲ್ಲ ಎಂದು ತಗಾದೆ ತೆಗೆಯುವವರು ನಮ್ಮ ಸಾಲದ ಬಡ್ಡಿಯನ್ನು ನೆನೆಸಿಕೊಳ್ಳಲಿ. ಕಂತು ಕಟ್ಟುತ್ತ ಹೋದಂತೆ ಬಾಲ ಬೆಳೆಯುತ್ತಲೇ ಇರುತ್ತದೆ.

ಬಡ್ಡಿಯ ಮಾತು ಬಂತು. ಅಲ್ಲಿ ಸ್ವಲ್ಪ ನಿಲ್ಲಬೇಕು. ಲೀಲಾವತಿಯಲ್ಲೇ ಇನ್ನೊಂದು ಲೆಕ್ಕವಿದೆ: ನೂರಕ್ಕೆ ತಿಂಗಳಿಗೆ ಐದು ಬಡ್ಡಿಯಾದರೆ ಹದಿನಾರಕ್ಕೆ ವರ್ಷಕ್ಕೆ ಎಷ್ಟು? ಇಲ್ಲಿ ರಾಶಿಗಳು ಐದು, ಹಾಗಾಗಿ ಇದು ಪಂಚರಾಶಿಕ. ಉತ್ತರ ಒಂಬತ್ತು ಮತ್ತು ಐದರಲ್ಲಿ ಮೂರು. ಉತ್ತರಕ್ಕಿಂತ ಪ್ರಶ್ನೆಯ ಧಾಟಿ ನೋಡಿ. ನೂರಕ್ಕೆ, ತಿಂಗಳಿಗೆ. ನಮ್ಮ ಹಳ್ಳಿಗಳಲ್ಲಿ ಕೈಸಾಲ ಕೊಡುವವರು ಇವತ್ತಿಗೂ ಆಡುವುದು ಇದೇ ಮಾತು. “ಮೂರು ರೂಪಾಯಿ ಬಡ್ಡಿ ಕಣಪ್ಪ, ನಿನಗಾದ್ದರಿಂದ ಎರಡೂವರೆ ಮಾಡ್ಕೊಡ್ತೀನಿ” ಅಂದರೆ ನೂರಕ್ಕೆ ತಿಂಗಳಿಗೆ ಎಂದೇ ಅರ್ಥ. ಆ ಎರಡು ಶಬ್ದಗಳನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬ್ಯಾಂಕಿನವರು ಹನ್ನೆರಡು ಪರ್ಸೆಂಟ್ ಅಂದಾಗ ಅದು ವರ್ಷಕ್ಕೆ. ಹನ್ನೆರಡರ ಪಕ್ಕದಲ್ಲಿ ಮೂರು ಎಷ್ಟು ಸಣ್ಣದಾಗಿ ಕಾಣುತ್ತದೆ! ಎರಡನ್ನೂ ಒಂದು ವರ್ಷಕ್ಕೆ ತಂದರೆ ಮೂರು ರೂಪಾಯಿ ಬಡ್ಡಿ ಮೂವತ್ತಾರು ಪರ್ಸೆಂಟ್. ಐವತ್ತು ಸಾವಿರಕ್ಕೆ ವರ್ಷಕ್ಕೆ ಹದಿನೆಂಟು ಸಾವಿರ. ಬ್ಯಾಂಕಿನದು ಆರು ಸಾವಿರ.

ಸಂತೆ, ಮಾರ್ಕೆಟ್ಟುಗಳಲ್ಲಿ ನಡೆಯುವ ದಿನದ ಕಂತಿನ ಸಾಲ ಇದಕ್ಕಿಂತಲೂ ಜಾಣತನದ್ದು. ಹತ್ತು ಸಾವಿರ ಕೇಳಿದವರಿಗೆ ಸಾವಿರ ಮುರಿದುಕೊಂಡು ಒಂಬತ್ತು ಸಾವಿರ ಕೈಗಿಡುತ್ತಾರೆ. ದಿನಕ್ಕೆ ನೂರರಂತೆ ನೂರು ದಿನ ಕಟ್ಟಬೇಕು. “ಹತ್ತು ಪರ್ಸೆಂಟ್ ಅಷ್ಟೇ ಅಲ್ವಾ ಅಣ್ಣ” ಅನ್ನುವುದು ಮಾಮೂಲು ಸಮಾಧಾನ. ಹಾಗಲ್ಲ. ಮೊದಲನೆಯದಾಗಿ ಸಾಲವಾಗಿ ಸಿಕ್ಕಿದ್ದು ಒಂಬತ್ತು ಸಾವಿರ. ಎರಡನೆಯದಾಗಿ ಆ ಒಂಬತ್ತು ಸಾವಿರವೂ ನೂರು ದಿನ ಪೂರ್ತಿ ನಮ್ಮ ಕೈಯಲ್ಲಿರುವುದಿಲ್ಲ. ದಿನದಿನವೂ ಕರಗುತ್ತದೆ, ಸರಾಸರಿ ನಾಲ್ಕೂವರೆ ಸಾವಿರದ ಆಸುಪಾಸು. ನಾಲ್ಕೂವರೆ ಸಾವಿರಕ್ಕೆ ನೂರು ದಿನಕ್ಕೆ ಸಾವಿರ ರೂಪಾಯಿ ಎಂದರೆ ಶೇ 22. ಅದನ್ನು ವರ್ಷಕ್ಕೆ ಎಳೆದರೆ ಶೇ 80ರ ಸುತ್ತಮುತ್ತ. ಹತ್ತು ಎಂಬ ಸಂಖ್ಯೆ ಸುಳ್ಳಲ್ಲ. ಅದು ಯಾವ ದುಡ್ಡಿಗೆ, ಎಷ್ಟು ದಿನಕ್ಕೆ ಎಂಬುದನ್ನು ನುಂಗಿಕೊಂಡಿದೆ, ಅಷ್ಟೇ. ಹೂವಿನವರೂ ತರಕಾರಿಯವರೂ ಇದನ್ನು ತಿಳಿಯದೆ ಸಾಲ ಮಾಡುತ್ತಾರೆ ಎಂದು ನಾನು ಹೇಳಲಾರೆ. ಬೆಳಗಿನ ನಾಲ್ಕು ಗಂಟೆಗೆ ಒಂಬತ್ತು ಸಾವಿರ ಎಣಿಸಿ ಕೊಡುವ ಬೇರೆ ಬಾಗಿಲು ಅವರಿಗೆ ಇಲ್ಲ. ಆದರೂ ಎಂಬತ್ತು ಎಂದು ತಿಳಿದು ತೆಗೆದುಕೊಳ್ಳುವುದಕ್ಕೂ ಹತ್ತು ಎಂದುಕೊಂಡು ತೆಗೆದುಕೊಳ್ಳುವುದಕ್ಕೂ ವ್ಯತ್ಯಾಸವಿದೆ.

ಅಂಗಡಿಗೆ ಬರೋಣ. ದೊಡ್ಡ ಪ್ಯಾಕೆಟ್ ಕೊಂಡರೆ ಅಗ್ಗ ಎಂಬುದು ಎಲ್ಲರ ನಂಬಿಕೆ. ಎಷ್ಟೋ ಸಲ ನಿಜ. ಆದರೆ ಶಾಂಪೂವಿನಂಥ ಸಾಮಾನಿನಲ್ಲಿ ಒಂದೆರಡು ರೂಪಾಯಿಯ ಸ್ಯಾಶೆ ಸೀಸೆಗಿಂತ ಅಗ್ಗವಾಗಿರುವುದು ನಮ್ಮಲ್ಲಿ ಅಪರೂಪವಲ್ಲ. ಹತ್ತು ರೂಪಾಯಿ ಬಿಸ್ಕತ್ತು ವರ್ಷಗಟ್ಟಲೆ ಹತ್ತೇ ರೂಪಾಯಿ ಇರುತ್ತದೆ, ಪೊಟ್ಟಣದೊಳಗಿನ ಬಿಸ್ಕತ್ತು ತೆಳ್ಳಗಾಗುತ್ತ ಹೋಗುತ್ತದೆ. ಇಂಥದ್ದಕ್ಕೆಲ್ಲ ಮದ್ದಾಗಿ ಕೇಂದ್ರ ಸರ್ಕಾರ 2021ರ ನವೆಂಬರಿನಲ್ಲಿ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳಿಗೆ ತಿದ್ದುಪಡಿ ತಂದಿತು. ಎಂಆರ್‌ಪಿ ಜೊತೆಗೆ ಗ್ರಾಂಗೆ ಎಷ್ಟು, ಕೆ.ಜಿ.ಗೆ ಎಷ್ಟು ಎಂಬ ಏಕಮಾನ ಬೆಲೆಯನ್ನೂ ಅಚ್ಚು ಹಾಕಬೇಕು ಎಂದಿತು. ಇಂಥಿಂಥ ಸಾಮಾನು ಇಂತಿಷ್ಟೇ ತೂಕದ ಪೊಟ್ಟಣದಲ್ಲಿ ಬರಬೇಕು ಎಂಬ ಹಳೆಯ ಪಟ್ಟಿಯನ್ನು ಅದೇ ತಿದ್ದುಪಡಿಯಲ್ಲಿ ಕೈಬಿಟ್ಟಿತು. ಯಾವ ತೂಕದಲ್ಲಾದರೂ ಮಾರಿಕೊಳ್ಳಿ, ಒಂದಕ್ಕೆ ಎಷ್ಟು ಎಂದು ಹೇಳಿ ಎಂಬುದು ತರ್ಕ. ತರ್ಕ ಒಳ್ಳೆಯದೇ.

ಆದರೆ ಪೊಟ್ಟಣ ತಿರುವಿ ನೋಡಿ. ಒಂದು ಕೆ.ಜಿ.ಗಿಂತ ಕಡಿಮೆ ಇರುವುದಕ್ಕೆ ಗ್ರಾಂ ಲೆಕ್ಕ, ಹೆಚ್ಚಿರುವುದಕ್ಕೆ ಕೆ.ಜಿ. ಲೆಕ್ಕ. ದಶಮಾಂಶ ಎರಡೇ ಸ್ಥಾನ. ಅರ್ಧ ಕೆ.ಜಿ. ರವೆಗೆ ಒಂದು ಕಂಪನಿಯದು 28 ರೂಪಾಯಿ, ಇನ್ನೊಂದರದು 32 ಎಂದುಕೊಳ್ಳಿ. ಗ್ರಾಂಗೆ ಮೊದಲನೆಯದು 0.056, ಎರಡನೆಯದು 0.064. ಎರಡು ಸ್ಥಾನಕ್ಕೆ ತಂದರೆ ಎರಡರ ಮೇಲೂ ಗ್ರಾಂಗೆ 0.06 ರೂಪಾಯಿ! ಕೆ.ಜಿ.ಗೆ ಎಂಟು ರೂಪಾಯಿಯ ಅಂತರ ಅಚ್ಚಿನಲ್ಲಿ ಮಾಯ. ಗಿರಾಕಿಗೆ ಸುಲಭವಾಗಲೆಂದು ಬಂದ ಲೆಕ್ಕ, ಅಗ್ಗದ ಸಾಮಾನಿನ ಮಟ್ಟಿಗಂತೂ, ಏನನ್ನೂ ಹೇಳುವುದಿಲ್ಲ. ರವೆಯನ್ನು ಯಾರೂ ಗ್ರಾಂ ಲೆಕ್ಕದಲ್ಲಿ ಯೋಚಿಸುವುದಿಲ್ಲ. ನೂರು ಗ್ರಾಂ ಅಥವಾ ಕೆ.ಜಿ.ಯನ್ನೇ ‘ಒಂದು’ ಎಂದು ಹಿಡಿದಿದ್ದರೆ ಸಾಕಿತ್ತು. ಏಲಕ್ಕಿಗೂ ಕೇಸರಿಗೂ ಗ್ರಾಂ ಸರಿ. ಹೂವಿನ ಅಕ್ಕನ ಬಳಿ ‘ಒಂದು’ ಎಂದರೆ ಒಂದು ಮೊಳ. ಆ ಮೊಳ ಆಕೆಯ ತೋಳಿನ ಉದ್ದಕ್ಕೂ ನಮ್ಮ ಚೌಕಾಸಿಯ ಉದ್ದಕ್ಕೂ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ. ಅದನ್ನು ಯಾವ ತಿದ್ದುಪಡಿಯೂ ಮುಟ್ಟಿಲ್ಲ, ಮುಟ್ಟದಿರಲಿ.

ಈಗ ಎರಡನೆಯ ಪ್ರಶ್ನೆ. ಒಂದಕ್ಕೆ ತೆಗೆದ ದರ ಎಲ್ಲಿಯ ತನಕ ನಿಲ್ಲುತ್ತದೆ? ಬೆಂಗಳೂರಿನ ಆಟೊ ಮೀಟರ್ ನೋಡಿ. 2025ರ ಆಗಸ್ಟ್ 1ರಿಂದ ಮೊದಲ ಎರಡು ಕಿ.ಮೀ.ಗೆ 36 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 18. ಏಳು ಕಿ.ಮೀ. ಹೋದರೆ 36ಕ್ಕೆ ಐದು ಹದಿನೆಂಟು 90 ಸೇರಿಸಿ 126. ಏಳು ಹದಿನೆಂಟಲೂ 126! ಕನಿಷ್ಠ ದರ ಕಿ.ಮೀ. ದರದ ಸರಿಯಾಗಿ ಎರಡರಷ್ಟಿರುವುದರಿಂದ ಎರಡು ಕಿ.ಮೀ. ದಾಟಿದ ಮೇಲೆ ಬಾಡಿಗೆ ದೂರದ ನೇರ ಅನುಪಾತದಲ್ಲೇ ಇರುತ್ತದೆ, ಹದಿನೆಂಟರಿಂದ ಗುಣಿಸಿದರೆ ಮುಗಿಯಿತು. ಹಿಂದಿನ 30 ಮತ್ತು 15ರ ದರದಲ್ಲೂ ಹಾಗೇ ಇತ್ತು. ಆದರೆ ಒಂದೇ ಕಿ.ಮೀ. ಹೋದರೆ? ಆಗಲೂ 36. ಆ ಒಂದು ಕಿ.ಮೀ.ಗೆ ದರ ದುಪ್ಪಟ್ಟು. ಕರೆಂಟ್ ಬಿಲ್ಲು ಇದಕ್ಕಿಂತ ಬೇರೆ. ಅಲ್ಲಿ ಒಂದು ಯೂನಿಟ್ಟೂ ಉರಿಸದಿದ್ದರೂ ಕಟ್ಟಬೇಕಾದ ನಿಗದಿತ ಶುಲ್ಕ ಇರುತ್ತದೆ, ಹಾಗಾಗಿ ಅರ್ಧ ಉರಿಸಿದರೆ ಅರ್ಧ ಬಿಲ್ಲು ಎಂಬ ಲೆಕ್ಕ ಎಂದಿಗೂ ಕೂಡಿಬರುವುದಿಲ್ಲ. ಸೊನ್ನೆಗೆ ಸೊನ್ನೆ ಬರುತ್ತದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯ ಪರೀಕ್ಷೆ. ಬಾರದಿದ್ದರೆ ತ್ರೈರಾಶಿಕವನ್ನು ಪಕ್ಕಕ್ಕಿಡಬೇಕು.

ಓಟದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ನೂರು ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದ. ಸಾವಿರ ಮೀಟರಿಗೆ? ಹತ್ತರಿಂದ ಗುಣಿಸಿದರೆ ಒಂದು ನಿಮಿಷ 36 ಸೆಕೆಂಡಿನೊಳಗೆ ಬರಬೇಕು. ಸಾವಿರ ಮೀಟರಿನ ವಿಶ್ವದಾಖಲೆ, 1999ರಲ್ಲಿ ಕೀನ್ಯಾದ ನೋವಾ ಎನ್ಗೆನಿ ಬರೆದದ್ದು, ಎರಡು ನಿಮಿಷ 11.96 ಸೆಕೆಂಡು. ಮನುಷ್ಯನ ಉಸಿರಿಗೆ ಏಕಮಾನ ದರ ಅನ್ವಯಿಸುವುದಿಲ್ಲ.

ಹಿರಿಯರೂ ಈ ಬಲೆಗೆ ಬಿದ್ದಿದ್ದಾರೆ. ಲೀಲಾವತಿಯ ವ್ಯಸ್ತ ತ್ರೈರಾಶಿಕದಲ್ಲಿ, ಅಂದರೆ ವಿಲೋಮ ಅನುಪಾತದಲ್ಲಿ, ಒಂದು ಎತ್ತಿನ ಲೆಕ್ಕವಿದೆ. ಎರಡು ವರ್ಷ ನೊಗ ಹೊತ್ತ ಎತ್ತಿಗೆ ನಾಲ್ಕು ನಿಷ್ಕವಾದರೆ ಆರು ವರ್ಷ ಹೊತ್ತದ್ದಕ್ಕೆ ಎಷ್ಟು? ದುಡಿಮೆ ಮೂರರಷ್ಟಾಯಿತು, ಬೆಲೆ ಮೂರರಲ್ಲೊಂದಾಯಿತು: ಒಂದು ಮತ್ತು ಮೂರರಲ್ಲೊಂದು ನಿಷ್ಕ. ದನದ ಜಾತ್ರೆಯಲ್ಲಿ ಹಲ್ಲು ಹಿಡಿದು ನೋಡಿ, ಟವೆಲಿನಡಿ ಬೆರಳು ಒತ್ತಿ ವ್ಯಾಪಾರ ಮಾಡುವ ದಲ್ಲಾಳಿಯ ಮುಂದೆ ಈ ಲೆಕ್ಕ ಇಟ್ಟರೆ ನಗುತ್ತಾನೆ. ಅದೇ ಅಧ್ಯಾಯದ ಧಾನ್ಯದ ರಾಶಿಯ ಲೆಕ್ಕ ಮಾತ್ರ ಪಕ್ಕಾ. ಏಳು ಆಢಕ ಹಿಡಿಸುವ ಅಳತೆಯಲ್ಲಿ ನೂರು ಸಲ ಅಳೆದ ರಾಶಿಯನ್ನು ಐದು ಆಢಕದ ಅಳತೆಯಲ್ಲಿ ಅಳೆದರೆ ನೂರನಲವತ್ತು ಸಲ. ರಾಶಿ ಬದಲಾಗಿಲ್ಲ, ಕೊಳಗ ಸಣ್ಣದಾಯಿತು, ಎಣಿಕೆ ಹೆಚ್ಚಿತು. ಬದಲಾಗದ ಒಂದು ರಾಶಿ ಹಿಂದೆ ನಿಂತಿರುವಾಗ ಮಾತ್ರ ವಿಲೋಮ ಅನುಪಾತಕ್ಕೆ ಬೆಲೆ.

ನಮ್ಮ ಗದ್ದೆ ಬಯಲಿನವರು ಆ ರಾಶಿಯನ್ನೇ ಕೈಗೆ ಸಿಗುವ ಹಾಗೆ ಇಟ್ಟುಕೊಂಡಿದ್ದಾರೆ. ಆರು ಜನ ನಾಲ್ಕು ದಿನದಲ್ಲಿ ಮುಗಿಸುವ ಕೆಲಸವನ್ನು ಎಂಟು ಜನ ಎಷ್ಟು ದಿನದಲ್ಲಿ ಮುಗಿಸುತ್ತಾರೆ ಎಂದು ಎಂಟನೆಯ ಕ್ಲಾಸಿನ ಹುಡುಗ ನೇರವೋ ವಿಲೋಮವೋ ಎಂದು ತಲೆ ಕೆರೆದುಕೊಳ್ಳುವಾಗ ಅವನ ಅಜ್ಜಿ “ಅದು ಇಪ್ಪತ್ನಾಲ್ಕಾಳಿನ ಕೆಲಸ ಕಣೋ” ಎಂದು ಮುಗಿಸುತ್ತಾಳೆ. ಇಪ್ಪತ್ನಾಲ್ಕಾಳು ಎಂದ ಮೇಲೆ ಎಂಟು ಜನ ಬಂದರೆ ಮೂರು ದಿನ, ಹನ್ನೆರಡು ಜನ ಬಂದರೆ ಎರಡು ದಿನ. ನೇರ ವಿಲೋಮದ ಜಗಳವೇ ಇಲ್ಲ. ಕಳೆ ತೆಗೆಯಲು ಹತ್ತಾಳು, ನಾಟಿಗೆ ಎಂಟಾಳು ಎಂದು ಕೂಲಿಯ ಲೆಕ್ಕವೂ ಅದರಲ್ಲೇ. ಮಿತಿಯೂ ಆಕೆಗೆ ಗೊತ್ತು: ಇಪ್ಪತ್ನಾಲ್ಕು ಜನರನ್ನು ಒಂದೇ ದಿನ ಒಂದೇ ಗದ್ದೆಗೆ ಇಳಿಸಿದರೆ ಕಾಲಿಗೆ ಕಾಲು ಸಿಕ್ಕಿ ಕೆಲಸ ಕೆಡುತ್ತದೆ.

ವೇಗ, ಮೈಲೇಜುಗಳಲ್ಲಿ ಮೋಸ ಹೋಗುವುದು ಸುಲಭ. ಅರವತ್ತು ಕಿ.ಮೀ. ಘಾಟಿ ಹತ್ತುವಾಗ ಗಂಟೆಗೆ 30, ಇಳಿಯುವಾಗ 60 ವೇಗವಾದರೆ ಸರಾಸರಿ 45 ಅಲ್ಲ, 40. ಹತ್ತಲು ಎರಡು ಗಂಟೆ, ಇಳಿಯಲು ಒಂದು, 120 ಕಿ.ಮೀ.ಗೆ ಮೂರು ಗಂಟೆ. ಇನ್ನು ಗಾಡಿ ಕೊಳ್ಳುವಾಗ ನಾವು ಕೇಳುವ ಮೊದಲ ಮಾತು ಲೀಟರಿಗೆ ಎಷ್ಟು ಕೊಡುತ್ತೆ ಎಂಬುದು. ಒಂದೇ ಮನೆಯಲ್ಲಿ 40 ಕೊಡುವ ಸ್ಕೂಟರು, 10 ಕೊಡುವ ಹಳೆಯ ಕಾರು ಎರಡೂ ತಿಂಗಳಿಗೆ ಸಾವಿರ ಕಿ.ಮೀ. ಓಡುತ್ತವೆ ಎಂದುಕೊಳ್ಳಿ. ಸ್ಕೂಟರನ್ನು ಬದಲಿಸಿ 50 ಕೊಡುವುದನ್ನು ತರುವುದೋ, ಕಾರನ್ನು ಬದಲಿಸಿ 12 ಕೊಡುವುದನ್ನು ತರುವುದೋ? ಹತ್ತು ಹೆಚ್ಚುವುದೆಲ್ಲಿ, ಎರಡು ಹೆಚ್ಚುವುದೆಲ್ಲಿ ಅನ್ನಿಸುತ್ತದೆ. ತಿರುಗಿಸಿ ನೋಡಿ. ಸ್ಕೂಟರು 25 ಲೀಟರಿನಿಂದ 20ಕ್ಕೆ ಇಳಿಯಿತು, ಉಳಿತಾಯ ಐದು. ಕಾರು 100 ಲೀಟರಿನಿಂದ 83ರ ಸುಮಾರಿಗೆ ಇಳಿಯಿತು, ಉಳಿತಾಯ ಹದಿನಾರಕ್ಕೂ ಮೇಲೆ. ದುಡ್ಡು ಖರ್ಚಾಗುವುದು ಲೀಟರಿಗೆ. ಓಡಬೇಕಾದ ದೂರ ಮೊದಲೇ ನಿಗದಿ. ಹಾಗಾಗಿ ‘ಒಂದು’ ಎಂದು ಹಿಡಿಯಬೇಕಾದ್ದು ಲೀಟರನ್ನಲ್ಲ, ದೂರವನ್ನು. ಯುರೋಪಿನಲ್ಲಿ ನೂರು ಕಿ.ಮೀ.ಗೆ ಎಷ್ಟು ಲೀಟರ್ ಎಂದೇ ಹೇಳುತ್ತಾರೆ. ಅದು ಜಾಣತನ.

ಇದೆಲ್ಲ ಶಾಲೆಯಲ್ಲಿ ಕಲಿಸುವುದೋ, ಬೀದಿ ಕಲಿಸುವುದೋ? 1985ರಲ್ಲಿ ಟೆರೆಜಿನ್ಯಾ ಕ್ಯಾರಾಹರ್ ಮತ್ತು ಸಂಗಡಿಗರು ಬ್ರೆಜಿಲ್‌ನ ರೆಸಿಫೆ ನಗರದ ಬೀದಿಬದಿ ವ್ಯಾಪಾರದ ಐವರು ಮಕ್ಕಳ ಬಗ್ಗೆ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಪ್ರಸಿದ್ಧ. ಗಿರಾಕಿಗಳಂತೆ ಹೋಗಿ ಕೇಳಿದ 63 ಲೆಕ್ಕಗಳಲ್ಲಿ ಮಕ್ಕಳು ಶೇ 98ರಷ್ಟನ್ನು ಸರಿಯಾಗಿ ಹೇಳಿದರು. ಅದೇ ಬಗೆಯ ಲೆಕ್ಕವನ್ನು ವಾಕ್ಯರೂಪದ ಸಮಸ್ಯೆಯಾಗಿ ಕೊಟ್ಟಾಗ ಸರಿಯಾದದ್ದು ಶೇ 74ರಷ್ಟು, ಬರೀ ಅಂಕಿಗಳಾಗಿ ಕೊಟ್ಟಾಗ ಶೇ 37. ತೆಂಗಿನಕಾಯಿ ಮಾರುವ ಹನ್ನೆರಡು ವರ್ಷದ ಹುಡುಗನಿಗೆ ಒಂದಕ್ಕೆ 35ರಂತೆ ಹತ್ತು ಕಾಯಿಗೆ ಎಷ್ಟು ಎಂದು ಕೇಳಿದರು. ಅವನು ಮುಂದೆ ಸೊನ್ನೆ ಬರೆಯಲಿಲ್ಲ. ಮೂರಕ್ಕೆ 105, ಇನ್ನು ಮೂರು ಸೇರಿದರೆ 210, ಇನ್ನೂ ಮೂರಕ್ಕೆ 315, ಇನ್ನೊಂದಕ್ಕೆ 350 ಎಂದು ಏರಿಸುತ್ತ ಹೋದ. ಮೂರು ಕಾಯಿ ಕೊಳ್ಳುವವರು ಹೆಚ್ಚಿದ್ದರೆ ಮೂರರ ಬೆಲೆ ಬಾಯಲ್ಲೇ ಇರುತ್ತದೆ. ಅವನ ‘ಒಂದು’ ಅದೇ. ನಮ್ಮ ಸಂತೆಯಲ್ಲಿ ಕಾಲು ಕೆ.ಜಿ.ಯಿಂದ ಮುಕ್ಕಾಲಿಗೆ ಏರುವವರೂ, ಡಜನ್ನಿನಿಂದ ಅರ್ಧ ಡಜನ್ನಿಗೆ ಇಳಿಯುವವರೂ ಇದನ್ನೇ ಮಾಡುವುದು.

ಬೀದಿಯ ಜಾಣತನವನ್ನು ಹೊಗಳಿ ಸುಮ್ಮನಾಗುವಂತಿಲ್ಲ. 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ಕೋಲ್ಕತ್ತ ಹಾಗೂ ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ಬರೆದರು. ವ್ಯಾಪಾರದ ಲೆಕ್ಕವನ್ನು ಮನಸ್ಸಿನಲ್ಲೇ ಪಟಪಟನೆ ಮಾಡುವ ಆ ಮಕ್ಕಳು ಶಾಲೆಯ ಮಾದರಿಯ ಸರಳ ಲೆಕ್ಕದಲ್ಲಿ ತಡವರಿಸಿದರು. ಶಾಲೆಗೆ ಮಾತ್ರ ಹೋಗುವ ಮಕ್ಕಳು ವ್ಯಾಪಾರದ ಲೆಕ್ಕದಲ್ಲಿ ತಡವರಿಸಿದರು. ಒಂದು ಕಡೆಯದು ಇನ್ನೊಂದು ಕಡೆಗೆ ತಾನಾಗಿ ಹರಿಯುವುದಿಲ್ಲ. ಪಠ್ಯಪುಸ್ತಕದಲ್ಲಿ ಸೇಬಿನ ಬದಲು ಮಾವಿನಹಣ್ಣು ಅಚ್ಚು ಹಾಕಿದ ಮಾತ್ರಕ್ಕೆ ಸೇತುವೆ ಕಟ್ಟಿದಂತಾಗದು. ‘ಒಂದು’ ಯಾವುದು ಎಂದು ಹುಡುಕುವ ಕೆಲಸವನ್ನು ಮಕ್ಕಳ ಕೈಗೇ ಕೊಡಬೇಕು. ಎರಡು ರವೆ ಪೊಟ್ಟಣ, ಒಂದು ಕರೆಂಟ್ ಬಿಲ್ಲು ಮೇಜಿನ ಮೇಲಿಟ್ಟು ಪ್ರಶ್ನೆಯನ್ನು ಅವರಿಂದಲೇ ಬರೆಸಿದರೆ ಒಂದು ಪೀರಿಯಡ್ಡಿನಲ್ಲಿ ಆಗುವ ಕೆಲಸ.

ಅಂಥ ಲೆಕ್ಕ ಬೇಕಾದರೆ ಮಲೆನಾಡು, ಕರಾವಳಿಯ ಅಡಿಕೆ ತೋಟಗಳಲ್ಲಿ ಪ್ರತಿ ಮಳೆಗಾಲವೂ ಸಿದ್ಧವಿರುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಮೈಸೂರು ಸಂಸ್ಥಾನದಲ್ಲಿ ಬಳಕೆಗೆ ತಂದವರು 1908ರಲ್ಲಿ ಇಲ್ಲಿಗೆ ಬಂದ ಕೆನಡಾದ ಸಸ್ಯರೋಗ ತಜ್ಞ ಲೆಸ್ಲಿ ಕೋಲ್ಮನ್. ಶೇ 1ರ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಇನ್ನೂರು ಲೀಟರಿನ ಬ್ಯಾರಲ್ಲಿಗೆ ಎರಡೆರಡು ಕೆ.ಜಿ., ಹದಿನಾರು ಲೀಟರಿನ ಬೆನ್ನಿಗೆ ಹಾಕುವ ಪಂಪಿಗೆ 160 ಗ್ರಾಂನಂತೆ. ಇಷ್ಟು ನೇರ ಅನುಪಾತ, ಯಾರು ಬೇಕಾದರೂ ಮಾಡಿಯಾರು. ಆದರೆ ಅರ್ಧ ನೀರಿನಲ್ಲಿ ತುತ್ತ, ಇನ್ನರ್ಧದಲ್ಲಿ ಸುಣ್ಣ ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಬೇಕು ಎಂಬುದು ಅನುಪಾತದಲ್ಲಿ ಇಲ್ಲ. ತುತ್ತದ ಒಂದು ಕೆ.ಜಿ. ಹೆಚ್ಚುಕಡಿಮೆ ಒಂದು ಕೆ.ಜಿ.ಯೇ. ಸುಣ್ಣದ್ದು ಹಾಗಲ್ಲ: ಗಾಳಿಗೆ ಬಿಟ್ಟು ಹಳತಾದ ಸುಣ್ಣದಲ್ಲಿ ಸತ್ವ ಎಷ್ಟು ಉಳಿದಿದೆ ಎಂದು ತಕ್ಕಡಿ ಹೇಳುವುದಿಲ್ಲ. ಸುಣ್ಣ ಸಾಲದಿದ್ದರೆ ತುತ್ತ ಹಾಗೇ ಉಳಿದು ಎಳೆಯ ಕಾಯಿಯನ್ನು ಸುಡುತ್ತದೆ. ಅದಕ್ಕೇ ಹಳಬರು ತೂಕವನ್ನು ನಂಬಿ ಸುಮ್ಮನಿರುವುದಿಲ್ಲ. ಬೆರೆಸಿದ ದ್ರಾವಣದಲ್ಲಿ ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಕತ್ತಿಯನ್ನು ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಇನ್ನೊಂದಿಷ್ಟು ಸುಣ್ಣದ ತಿಳಿ ಹಾಕಿ, ಕಲಕಿ, ಮತ್ತೆ ಅದ್ದುತ್ತಾರೆ.